ನಲವತ್ತೊಂದನೆಯ ಪದ

ಶಾಲಾ ಮಕ್ಕಳಿಗಾಗಿ ಕನ್ನಡದಲ್ಲೇ ಒಂದು ಪ್ರೋಗ್ರಾಮಿಂಗ್ ಭಾಷೆ ಕಟ್ಟಿದವನು ನಾನು. ಅದೂ ಒಂದೇ ವಾರದಲ್ಲಿ, ಎಡಗೈಯಲ್ಲಿ. ಪ್ರೋಗ್ರಾಮಿನಲ್ಲಿ ಯಾವುದಕ್ಕೆ ಬೇಕಾದರೂ ಇಷ್ಟದ ಹೆಸರಿಡಬಹುದು. ಭಾಷೆ ತನ್ನ ಕೆಲಸಕ್ಕೆ ಕಾಯ್ದಿರಿಸಿಕೊಂಡ ನಲವತ್ತು ಪದಗಳನ್ನು ಮಾತ್ರ ಇಡುವಂತಿಲ್ಲ.

ಮಕ್ಕಳು ಎಲ್ಲದಕ್ಕೂ ‘ವಾರಿಜಾ’ ಎಂದೇ ಹೆಸರಿಟ್ಟರು. ವಾರಿಜಾ ಶಾಲೆಗಳಲ್ಲಿ ಈ ಭಾಷೆ ಕಲಿಸುವ ನನ್ನ ಸಹೋದ್ಯೋಗಿ, ಅಷ್ಟೇ. ಲಕ್ಷ ಪ್ರೋಗ್ರಾಮು ಜಾಲಾಡಿದೆ, ಒಂದರಲ್ಲೂ ನನ್ನ ಹೆಸರಿಲ್ಲ. ನನ್ನ ಹೊಟ್ಟೆಯುರಿಯ ಮೇಲೆ ಹಂಡೆ ಇಟ್ಟಿದ್ದರೆ ಮದುವೆಯೂಟವೇ ಬೇಯುತ್ತಿತ್ತು.

ಅವಳ ಹೆಸರನ್ನೂ ಕಾಯ್ದಿರಿಸಿದ ಪದಗಳ ಪಟ್ಟಿಗೆ ಸೇರಿಸಿಬಿಟ್ಟೆ.

“ಏನ್ರೀ, ನನ್ನ ಹೆಸರು ಮಾತ್ರ ಇಡೋಕಾಗ್ತಿಲ್ವಂತೆ ಮಕ್ಕಳಿಗೆ?” ಎಂದಳು ವಾರಿಜಾ.

“ಭಾಷೆ ಅಂದ್ಮೇಲೆ ಶಿಸ್ತು ಬೇಕಲ್ಲ ಮೇಡಮ್.”

ಅವಳು ನಕ್ಕು ತರಗತಿಗೆ ಹೊರಟಳು. ಆ ನಗುವನ್ನು ನಾನು ಅವಳ ಸೋಲೆಂದುಕೊಂಡೆ.

ವರ್ಷದ ಕೊನೆಗೆ ಒಂದು ಶಾಲೆಗೆ ಹೋದೆ. ಇಡೀ ತರಗತಿ ಎದ್ದು ನಿಂತು, ಕಾಯ್ದಿರಿಸಿದ ಪದಗಳನ್ನು ಮಗ್ಗಿಯಂತೆ ಒಪ್ಪಿಸಿತು: “...ಒಂದುವೇಳೆ, ಇಲ್ಲವಾದರೆ, ತನಕ, ವಾರಿಜಾ!”

ನಾನು ಬೆವರು ಒರೆಸಿಕೊಂಡು, ಎದೆಯುಬ್ಬಿಸಿ ಕೇಳಿದೆ, “ಸರಿ, ಈ ಭಾಷೆ ಕಟ್ಟಿದ್ದು ಯಾರು ಗೊತ್ತಾ?”

ಮುಂದಿನ ಬೆಂಚಿನ ಹುಡುಗಿ ಕೈಯೆತ್ತಿದಳು.

“ವಾರಿಜಾ ಮೇಡಮ್ ಸಾರ್. ಭಾಷೆಯೊಳಗಿರೋ ಮನುಷ್ಯರ ಹೆಸರು ಅದೊಂದೇ ಅಲ್ವಾ?”