ಐದು ವರ್ಷದಾಚೆಯ ಇಬ್ಬರು

ಮೂತ್ರಕೋಶದ ಕ್ಯಾನ್ಸರ್ ಪತ್ತೆಯಾದ ಮೇಲೆ, ಆಸ್ಪತ್ರೆಯ ಪದ್ಧತಿಯಂತೆ, ನೂಲಿಗೆ ಬಣ್ಣ ಹಾಕುವ ಸಂಗನಬಸಪ್ಪನ ಎದುರು ಐದು ವರ್ಷ ಮುಂದಿನ ಇಬ್ಬರು ಸಂಗನಬಸಪ್ಪಂದಿರನ್ನು ಕರೆತಂದು ಕೂರಿಸಿದ್ದರು. ಒಬ್ಬ, ಶಸ್ತ್ರಕ್ರಿಯೆಯಲ್ಲಿ ಮೂತ್ರಕೋಶವನ್ನೇ ತೆಗೆಸಿಕೊಂಡವನು. ಇನ್ನೊಬ್ಬ, ಕಿಮೋ ಮತ್ತು ಜನ ‘ಕರೆಂಟು’ ಎನ್ನುವ ವಿಕಿರಣದಿಂದ ಅದನ್ನು ಉಳಿಸಿಕೊಂಡವನು. ಇಂದಿನ ಸಂಗನಬಸಪ್ಪ ಆರಿಸಿದವನಿಗೆ ಮಾತ್ರ ಬದುಕು. ಅದಕ್ಕೇ ಇಬ್ಬರೂ ಹಾವು ಮುಂಗುಸಿಗಳಂತೆ ಕಚ್ಚಾಡುತ್ತಿದ್ದರು.

“ಹೊಟ್ಟಿ ಮ್ಯಾಲೆ ಉಚ್ಚಿಚೀಲ ಕಟ್ಟಿಕೊಂಡು ತಿರುಗ್ತಿ, ನಿಂದೂ ಒಂದು ಬಾಳೇನಲೇ?” ಎಂದು ಉಳಿಸಿಕೊಂಡವನು ಹಂಗಿಸಿದ.

“ನೀ ಗಳಿಗಿಗೊಮ್ಮೆ ಬಚ್ಚಲಕ್ಕ ಓಡ್ತಿ, ರಗತ ಕಂಡ್ರ ನಡುಗ್ತಿ. ಗಂಟು ತಿರುಗಿ ಬಂದ್ರ ನಿನಗೂ ಕತ್ತರೀನ ಗತಿ,” ಎಂದ ಚೀಲದವನು.

ಸಂಗನಬಸಪ್ಪನ ಪಿತ್ತ ನೆತ್ತಿಗೇರಿತು. “ಇಬ್ಬರೂ ಹಾಳಾಗಿ ಹೋಗ್ರಿ! ನನಗ ಕತ್ತರೀನೂ ಬ್ಯಾಡ, ಕರೆಂಟೂ ಬ್ಯಾಡ. ಏನೂ ಮಾಡಿಸಿಕೊಳ್ಳದ ಸಂಗನಬಸಪ್ಪನ್ನ ಕರೀರಿ!” ಎಂದು ಎದ್ದು ನಿಂತ.

ದಾದಿ ನಿರ್ವಿಕಾರಳಾಗಿ ಬಾಗಿಲು ತೆರೆದು ಅವನ ಹೆಸರನ್ನು ಗಟ್ಟಿಯಾಗಿ ಕೂಗಿದಳು. ಯಾರೂ ಬರಲಿಲ್ಲ.

“ಎಲ್ಲಾರೂ ಅಂವನ್ನ ಕರೆಸ್ತಾರ್ರೀ ಅಣ್ಣಾರ,” ಎಂದಳು. “ನಾ ಕಂಡಂಗ, ಐದು ವರ್ಷದಷ್ಟು ದೂರದಿಂದ ಅಂಥವರು ಒಬ್ಬರೂ ಬಂದಿಲ್ಲ.”

ಜಗಳಗಂಟರಿಬ್ಬರೂ ತಲೆ ತಗ್ಗಿಸಿದರು. ಸಂಗನಬಸಪ್ಪ ತೆರೆದ ಬಾಗಿಲನ್ನು ತಾನೇ ಮುಚ್ಚಿ ಬಂದು, ಅವರ ಎದುರು ಕುಳಿತುಕೊಂಡ.

“ಹೂಂ, ಬೈದಾಡ್ರಿ,” ಎಂದ. “ಕೇಳ್ತೀನಿ.”