ಹತ್ತು ಹೆಜ್ಜೆ ದೂರದ ಮುಖ

ಫೋಟೋ ನೋಡಿಕೊಂಡು, ಟೈಪ್‌ರೈಟರಿನ ಅಕ್ಷರಗಳಲ್ಲೇ ಮುಖ ಮೂಡಿಸುವುದು ನನ್ನ ಕಸುಬು. ನಾನು ಬಿಟ್ಟು ಓಡಿಬಂದಿದ್ದ ಗಂಡ, ಎರಡು ವರ್ಷ ಹುಡುಕಿ, ಇಂದು ಅಂಗಡಿಯೊಳಗೇ ಬಂದು ನಿಂತಿದ್ದ. ಮುಷ್ಟಿಗೆ ಬೆಲ್ಟು ಸುತ್ತಿಕೊಂಡಿದ್ದ.

"ಎದ್ದೇಳೇ, ಮನೆಗೆ ನಡಿ."

ನಾನು ಎದ್ದು ನಿಂತೆ. ಗೋಡೆಯ ಮೇಲಿನ ಚಿತ್ರ ತೋರಿಸಿದೆ.

"ಬರ್ತೀನ್ರೀ. ನೋಡಿ, ನಿಮ್ದೇ ಮುಖ. ದಿನಾ ನೋಡ್ಕೊಂಡಿರೋಣ ಅಂತ ಮಾಡ್ದೆ."

ಅವನು ಮೀಸೆ ತೀಡಿಕೊಂಡು ಹತ್ತಿರ ಹೋದ. "ಬರೀ ಅಕ್ಷರ ಕಾಣ್ತವೆ."

"ಹತ್ರ ನಿಂತ್ರೆ ಹಂಗೇರೀ. ಹಿಂದೆ ಸರಿದು ನೋಡಿ."

"ಹಾಂ, ಮೀಸೆ ಕಾಣ್ತು."

"ಇನ್ನೂ ಹಿಂದೆ."

ಅವನು ಚಿತ್ರದಿಂದ ಕಣ್ಣು ತೆಗೆಯದೆ ಹೊಸ್ತಿಲು ದಾಟಿದ. ನಾನೂ ಜೊತೆಗೇ ಬಾಗಿಲವರೆಗೆ ಬಂದೆ.

"ಏಯ್, ಇದ್ಯಾವನೋ ಮುದುಕ ಕಣೇ!" ಎಂದು ಅವನು ಕಿರುಚುವಷ್ಟರಲ್ಲಿ ನಾನು ಒಳಗಿನಿಂದ ಚಿಲಕ ಹಾಕಿಯಾಗಿತ್ತು.