ಪಣಜಿಯಲ್ಲಿ ಕೊಟ್ಟ ಮುಡಿ

ತಿರುಪತಿಗೆ ಹೋಗುತ್ತೇನೆಂದು ಹೆಂಡತಿಗೆ ಹೇಳಿ ವೆಂಕೋಬ ಗದಗಿನಿಂದ ಗೋವಾಕ್ಕೆ ಹೋದ. ಎರಡು ರಾತ್ರಿ ಪಣಜಿಯ ತುಂಬ ಅಲೆದ. ನದಿಯ ಮೇಲಿನ ಹಡಗಿನಲ್ಲಿ ಕುಣಿದ, ಗುರುತಿಲ್ಲದವರ ಜೊತೆ ಬಿಯರ್ ಕುಡಿದ, ಬೆಳಗಾಗುವ ಹೊತ್ತಿಗೆ ಸಮುದ್ರದ ಮರಳಿನಲ್ಲಿ ಮಲಗಿದ. ಹೊರಡುವ ಮುಂಚೆ ಬಸ್ ಸ್ಟ್ಯಾಂಡಿನ ಕಟಿಂಗ್ ಅಂಗಡಿಯಲ್ಲಿ ತಲೆ ಬೋಳಿಸಿಕೊಂಡ. ದಾರಿಯಲ್ಲಿ ಹುಬ್ಬಳ್ಳಿಯಲ್ಲಿ ಲಾಡು ಕೊಂಡ.

ಬೋಳುತಲೆ, ಲಾಡು ನೋಡಿಯೂ ಅವನು ತಿರುಪತಿಗೆ ಹೋಗಿದ್ದನೆಂದು ಹೆಂಡತಿ ನಂಬಲಿಲ್ಲ.

"ಅಪ್ಪನ್ನ ಕರೆಸೇನಿ. ಅವರು ನೋಡಿ ಹೂಂ ಅಂದ್ರ ಇರ್ತೀನಿ, ಇಲ್ಲಾಂದ್ರ ಅವರ ಜೋಡಿ ತವರಿಗೆ ಹೋಗ್ತೀನಿ."

ಮಾವನವರು ವರ್ಷಕ್ಕೊಮ್ಮೆ ತಪ್ಪದೆ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬರುವವರು. ಲಾಡು ಮುರಿದು ಮೂಸಿದರು. ಅಳಿಯನ ತಲೆ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದರು.

"ತಿಮ್ಮಪ್ಪನ ಮುಡೀನ ಐತಿ. ನೀ ಒಳಗ ಹೋಗಿ ಚಹಾ ಇಡವಾ," ಎಂದು ಮಗಳನ್ನು ಕಳಿಸಿದರು. ಆಮೇಲೆ ಅಳಿಯನ ಕಡೆ ಬಾಗಿ ದನಿ ಇಳಿಸಿದರು.

"ಆ ಪಣಜಿ ಬಸ್ ಸ್ಟ್ಯಾಂಡ್ ಕಟಿಂಗಿನವ ಕಿವಿ ಹಿಂದ ಒಂದೀಟು ಬಿಟ್ಟೇ ಬಿಡ್ತಾನ್ರೀ ಅಳಿಯಂದ್ರ. ವರ್ಷಾ ವರ್ಷಾ ಅವಗ ಹೇಳಿ ಹೇಳಿ ನನಗ ಸಾಕಾಗೇತಿ."